ಗೆರೆ ಎಳೆದ ಕೈಗಳು



ಯಂತ್ರಕ್ಕೆ ನೋಡುವುದನ್ನು ಕಲಿಸಿದವರು ಯಾರು? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಜರ್ಮನಿಯಲ್ಲಿ ನೆಲೆಸಿರುವ ನಮಗೆ ಈ ಚರಿತ್ರೆ ದೂರದ್ದೇನಲ್ಲ. ಅದರ ಎರಡು ಮುಖ್ಯ ಅಧ್ಯಾಯಗಳು ನಡೆದದ್ದು ಹೈಡೆಲ್‌ಬರ್ಗ್ ಮತ್ತು ಫ್ರೈಬುರ್ಗ್‌ಗಳಲ್ಲಿ.

ಮಿದುಳಿನ ಚೂರೊಂದನ್ನು ಅತಿ ತೆಳುವಾದ ಪದರಗಳಾಗಿ ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನರಕೋಶಗಳ ಅಂಚುಗಳು ಕಪ್ಪು-ಬಿಳುಪಿನಲ್ಲಿ ಒತ್ತೊತ್ತಾಗಿ ಕಾಣುತ್ತವೆ. ಯಾವ ಗೆರೆ ಯಾವ ಕೋಶದ್ದು ಎಂದು ಪದರದಿಂದ ಪದರಕ್ಕೆ ಹಿಂಬಾಲಿಸಿ ಬಿಡಿಸಬೇಕು. ಈ ಕೆಲಸಕ್ಕೆ ಸೆಗ್ಮೆಂಟೇಶನ್ ಎಂದು ಹೆಸರು.

ಕೇಂಬ್ರಿಡ್ಜ್‌ನಲ್ಲಿ ಸಿಡ್ನಿ ಬ್ರೆನ್ನರ್ ಅವರ ತಂಡ ಸಿ. ಎಲೆಗಾನ್ಸ್ ಎಂಬ, ಒಂದು ಮಿಲಿಮೀಟರ್ ಉದ್ದದ ಹುಳುವನ್ನು ಆರಿಸಿಕೊಂಡಿತು. ಕಂಪ್ಯೂಟರಿನ ನೆರವು ಪಡೆಯಲು ಯತ್ನಿಸಿದರೂ ಕೊನೆಗೆ ಮುದ್ರಿತ ಚಿತ್ರಗಳ ಮೇಲೆ ಕೈಯಿಂದಲೇ ಗುರುತು ಹಾಕಬೇಕಾಯಿತು. ವರ್ಷಗಳ ದುಡಿಮೆಯ ನಂತರ, 1986ರಲ್ಲಿ, 302 ನರಕೋಶಗಳ ಸಂಪರ್ಕನಕ್ಷೆ ಪ್ರಕಟವಾಯಿತು.

2004ರಲ್ಲಿ ಹೈಡೆಲ್‌ಬರ್ಗ್‌ನ ವಿನ್‌ಫ್ರೀಡ್ ಡೆಂಕ್ ಮತ್ತು ಹೈಂಟ್ಸ್ ಹೋರ್ಸ್ಟ್‌ಮನ್ ಕತ್ತರಿಸುವ ಅಲಗನ್ನು ಸೂಕ್ಷ್ಮದರ್ಶಕದ ಒಳಗೇ ಇಟ್ಟರು. ಒಂದು ಪದರ ಹೆರೆಯುವುದು, ಚಿತ್ರ ತೆಗೆಯುವುದು, ಮತ್ತೆ ಹೆರೆಯುವುದು. ಚಿತ್ರಗಳು ರಾಶಿ ಬಿದ್ದವು. ಗೆರೆ ಎಳೆಯುವ ಕೈಗಳು ಸಾಲದಾದವು.

ಆಗ ಕಲಿಯುವ ಯಂತ್ರಗಳ ಸರದಿ ಬಂತು. 2012ರ ಅಂತರರಾಷ್ಟ್ರೀಯ ಸ್ಪರ್ಧೆಯೊಂದು ಹಣ್ಣುನೊಣದ ಮರಿಹುಳುವಿನ ನರಹುರಿಯ 30 ಚಿತ್ರಗಳನ್ನು ಕಲಿಕೆಗೆಂದು ಒದಗಿಸಿತು. ಅವುಗಳಲ್ಲಿ ಕೋಶದ ಅಂಚುಗಳನ್ನು ಮನುಷ್ಯರು ಮೊದಲೇ ಗುರುತಿಸಿದ್ದರು. 2015ರಲ್ಲಿ ಫ್ರೈಬುರ್ಗ್‌ನ ರೊನ್ನೆಬರ್ಗರ್, ಫಿಷರ್ ಮತ್ತು ಬ್ರಾಕ್ಸ್ ಅದೇ 30 ಚಿತ್ರಗಳನ್ನು ಹಿಗ್ಗಿಸಿ, ತಿರುಚಿ, ಹಲವು ರೂಪಗಳಲ್ಲಿ ತೋರಿಸಿ ತಮ್ಮ ಯು-ನೆಟ್ ಜಾಲಕ್ಕೆ ಪಾಠ ಹೇಳಿದರು. ಇಂದು ವೈದ್ಯಕೀಯ ಸ್ಕ್ಯಾನ್‌ಗಳಲ್ಲಿ ಗಡ್ಡೆಯ ಅಂಚು ಗುರುತಿಸುವ ಅನೇಕ ತಂತ್ರಾಂಶಗಳು ಇದೇ ಜಾಲದ ವಂಶದವು.

ಹಾಗಾದರೆ ಕೈಗಳಿಗೆ ಬಿಡುವು ಸಿಕ್ಕಿತೇ? ಇಲ್ಲ. 2024ರಲ್ಲಿ ಹೊರಬಂದ ವಯಸ್ಕ ಹಣ್ಣುನೊಣದ ಮಿದುಳಿನ ನಕ್ಷೆಯಲ್ಲಿ 1,39,255 ನರಕೋಶಗಳಿವೆ. ಗೆರೆ ಎಳೆದದ್ದು ಯಂತ್ರ. ಅದನ್ನು ತಿದ್ದಲು ವಿಜ್ಞಾನಿಗಳ ಜೊತೆ ಸಾಮಾನ್ಯ ಸ್ವಯಂಸೇವಕರೂ ಕೂತರು. ಆ ತಿದ್ದುಪಡಿಯ ಶ್ರಮ ಒಬ್ಬರೇ ಮಾಡಿದ್ದರೆ 33 ವರ್ಷ ಹಿಡಿಯುವಷ್ಟು. ಒಂದು ಅಂಚು ತಪ್ಪಿದರೂ ಎರಡು ಕೋಶಗಳು ಒಂದಾಗಿಬಿಡುತ್ತವೆ; ಇಲ್ಲದ ಸಂಪರ್ಕ ನಕ್ಷೆಯಲ್ಲಿ ಮೂಡುತ್ತದೆ.

ನಮ್ಮಲ್ಲಿ ಹಲವರು ಇಂಥ ಯಂತ್ರಗಳನ್ನು ಕಟ್ಟುವ ಕೆಲಸದಲ್ಲಿದ್ದೀರಿ. 1986ರ ಆ ಪ್ರಬಂಧದ ಮೊದಲ ಪುಟ ನೋಡಿ. ಲೇಖಕರು ನಾಲ್ವರು: ವೈಟ್, ಸೌತ್‌ಗೇಟ್, ಥಾಮ್ಸನ್, ಬ್ರೆನ್ನರ್. ಪದರ ಕತ್ತರಿಸಿದ ಥಾಮ್ಸನ್, ಗುರುತು ಹಾಕಿದ ಸೌತ್‌ಗೇಟ್ ಇಬ್ಬರ ಹೆಸರೂ ತಂಡದ ಮುಖ್ಯಸ್ಥರ ಹೆಸರಿಗಿಂತ ಮೊದಲೇ ಇವೆ. ನಿಮ್ಮ ಮುಂದಿನ ವರದಿಯಲ್ಲಿ ಯಂತ್ರಕ್ಕೆ ಪಾಠ ಹೇಳಿದವರ ಹೆಸರು ಎಲ್ಲಿರುತ್ತದೆ ಎಂಬುದನ್ನು ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ.