ಜುಹೂವಿನಲ್ಲಿ ಇಳಿದ ವಿಮಾನಗಳು

1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ಗೆ ಸೇರಿದ ಡಿಸಿ-8 ಜೆಟ್ ವಿಮಾನವೊಂದು ಲಂಡನ್ನಿನಿಂದ ಟೋಕಿಯೋಗೆ ಹೊರಟಿತ್ತು. ದಾರಿಯಲ್ಲಿ ಹಲವು ನಿಲ್ದಾಣಗಳು. ಅವುಗಳಲ್ಲಿ ಒಂದು ಬೊಂಬಾಯಿಯ ಸಾಂತಾಕ್ರೂಜ್. ಅರಬ್ಬೀ ಸಮುದ್ರವನ್ನು ದಾಟಿ ಬಂದ ಚಾಲಕರಿಗೆ ದಡದಲ್ಲಿ ಒಂದು ರನ್‌ವೇ ಕಾಣಿಸಿತು. ಇಳಿಸಿದರು. ಚಕ್ರಗಳು ನೆಲ ಮುಟ್ಟಿದ ಮೇಲೆ ರನ್‌ವೇ ಬೇಗನೆ ಮುಗಿದುಹೋಯಿತು. ವಿಮಾನ ಅದನ್ನು ದಾಟಿ ಮುಂದಕ್ಕೆ ನುಗ್ಗಿ, ಮತ್ತೆಂದೂ ಹಾರಲಾಗದಷ್ಟು ಜಖಂಗೊಂಡು ನಿಂತಿತು. ಅವರು ಇಳಿದದ್ದು ಸಾಂತಾಕ್ರೂಜಿನಲ್ಲಲ್ಲ, ಅದರ ಪಕ್ಕದ ಜುಹೂವಿನಲ್ಲಿ. ಸುಮಾರು 3,750 ಅಡಿಯ ಆ ರನ್‌ವೇ ಸಣ್ಣ ವಿಮಾನಗಳಿಗೆ ಸರಿ. ಡಿಸಿ-8ರಂಥ ದೊಡ್ಡ ಜೆಟ್‌ಗೆ ಅದು ಯಾವ ಲೆಕ್ಕಕ್ಕೂ ಸಾಲದು. ಒಳಗಿದ್ದವರಲ್ಲಿ ಯಾರೂ ಸಾಯಲಿಲ್ಲ ಎಂಬುದೇ ದೊಡ್ಡ ಮಾತು.

ಬಸ್ಸಿನಲ್ಲಿ ನಿದ್ದೆಹೋಗಿ ಬೇರೆ ಊರಲ್ಲಿ ಇಳಿದವರನ್ನು ನಾವೆಲ್ಲ ಬಲ್ಲೆವು. ಆದರೆ ನಕ್ಷೆ, ದಿಕ್ಸೂಚಿ, ರೇಡಿಯೋ, ಪಕ್ಕದಲ್ಲಿ ಇನ್ನೊಬ್ಬ ಚಾಲಕ, ನೆಲದ ಮೇಲೆ ಮಾರ್ಗದರ್ಶನಕ್ಕೆ ಒಂದು ಗೋಪುರ, ಇಷ್ಟೆಲ್ಲ ಇರುವಾತ ಇಡೀ ವಿಮಾನವನ್ನೇ ಬೇರೆ ನಿಲ್ದಾಣದಲ್ಲಿ ಇಳಿಸಿದ ಎಂದರೆ ಮೊದಲು ನಗು ಬರುತ್ತದೆ. ಈ ನಗುವಿನ ಬಗ್ಗೆಯೇ ನನಗೆ ಸ್ವಲ್ಪ ತಕರಾರಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಜುಹೂ ಸಾಮಾನ್ಯ ಜಾಗವಲ್ಲ. 1928ರಲ್ಲಿ ಆರಂಭವಾದ ಇದು ನಮ್ಮ ದೇಶದ ನಾಗರಿಕ ವಿಮಾನಯಾನದ ತೊಟ್ಟಿಲು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಟಪಾಲು ಹೊತ್ತು ಬಂದು ಇಳಿದದ್ದು ಇಲ್ಲಿಯೇ. ಇಲ್ಲಿಂದ ಆ ಟಪಾಲನ್ನು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲಾಗಿ ಮದ್ರಾಸಿಗೆ ಒಯ್ದರು. ಕರಾಚಿ ಮತ್ತು ಬಳ್ಳಾರಿ ಒಂದೇ ಟಪಾಲು ದಾರಿಯ ಎರಡು ನಿಲ್ದಾಣಗಳಾಗಿದ್ದ ಕಾಲವದು. ಎರಡನೇ ಮಹಾಯುದ್ಧದ ನಂತರ ದೊಡ್ಡ ವಿಮಾನಗಳು ಬಂದಾಗ ಜುಹೂ ಸಾಲದಾಯಿತು. ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆ ಬಳಸುತ್ತಿದ್ದ ಸಾಂತಾಕ್ರೂಜ್ ನಗರದ ಮುಖ್ಯ ನಿಲ್ದಾಣವಾಯಿತು. ಹಳೆಯದನ್ನು ಮುಚ್ಚಲಿಲ್ಲ. ಎರಡರ ನಡುವೆ ಕೆಲವೇ ಕಿಲೋಮೀಟರ್ ಅಂತರ. ಎರಡರ ಮುಖ್ಯ ರನ್‌ವೇಗಳೂ ಪೂರ್ವ-ಪಶ್ಚಿಮವಾಗಿ, ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿವೆ. ಸಮುದ್ರದ ಕಡೆಯಿಂದ ಬರುವವನಿಗೆ ಮೊದಲು ಎದುರಾಗುವುದು ಚಿಕ್ಕದು, ಅದರ ಹಿಂದೆ ದೊಡ್ಡದು. ತಪ್ಪು ಮಾಡಲು ಇದಕ್ಕಿಂತ ಅನುಕೂಲವಾದ ಏರ್ಪಾಟು ಬೇಕೆ?

ತಪ್ಪು ಅದಕ್ಕೂ ಮೊದಲೇ ಒಮ್ಮೆ ಆಗಿತ್ತು. 1953ರ ಜುಲೈ 15ರಂದು ಬ್ರಿಟಿಷ್ ಕಂಪೆನಿ ಬಿ.ಓ.ಎ.ಸಿ.ಯ ಕಾಮೆಟ್ ವಿಮಾನ ಸಾಂತಾಕ್ರೂಜ್ ಎಂದುಕೊಂಡು ಜುಹೂವಿನಲ್ಲಿ ಇಳಿಯಿತು. ಕಾಮೆಟ್ ಎಂದರೆ ಜಗತ್ತಿನ ಮೊದಲ ಪ್ರಯಾಣಿಕ ಜೆಟ್. ಅದು ಸೇವೆಗೆ ಬಂದು ಆಗಿನ್ನೂ ಒಂದು ವರ್ಷ ಚಿಲ್ಲರೆ. ಅದೇ ವರ್ಷ ಮೇ ತಿಂಗಳಲ್ಲಿ ಕಲ್ಕತ್ತಾ ಬಳಿ ಇನ್ನೊಂದು ಕಾಮೆಟ್ ಬಿರುಗಾಳಿಗೆ ಸಿಕ್ಕು ಒಡೆದು 43 ಜನ ತೀರಿಕೊಂಡಿದ್ದರು. ಜುಹೂವಿನಲ್ಲಿ ಇಳಿದದ್ದಕ್ಕೆ ಏನೂ ಆಗಲಿಲ್ಲ. ಸುಮಾರು ಒಂಬತ್ತು ದಿನ ಅಲ್ಲೇ ನಿಂತು, ಕೊನೆಗೆ ಹೇಗೋ ಆ ಗಿಡ್ಡ ರನ್‌ವೇಯಿಂದಲೇ ಹಾರಿಹೋಯಿತು. ಹಾಗಾಗಿ ಅದು ಹೇಳಿ ನಗುವ ಕಥೆಯಾಯಿತು. ಹತ್ತೊಂಬತ್ತು ವರ್ಷಗಳ ಮೇಲೆ ಜಪಾನಿನವರು ಬಂದು ಅದೇ ತಪ್ಪನ್ನು ಮಾಡಿದರು. ಮೊದಲನೆಯದು ಎಚ್ಚರಿಕೆಯಾಗಿದ್ದರೆ ಎರಡನೆಯದು ಆಗುತ್ತಿತ್ತೇ?

ಆ 1972ನೇ ಇಸವಿ ಜಪಾನ್ ಏರ್‌ಲೈನ್ಸ್‌ಗೆ ಕೆಟ್ಟ ವರ್ಷ. ಜೂನ್ 14ರಂದು ಬ್ಯಾಂಕಾಕಿನಿಂದ ಬಂದ ಅದರ ಇನ್ನೊಂದು ಡಿಸಿ-8 ದಿಲ್ಲಿಯ ಪಾಲಂ ತಲುಪುವ ಮೊದಲೇ ನೆಲಕ್ಕೆ ಬಡಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಚಾಲಕರು ಉಪಕರಣಗಳನ್ನು ನೋಡುವುದು ಬಿಟ್ಟು, ಕಾಣದ ರನ್‌ವೇಗಾಗಿ ಕೆಳಗಿಳಿದರು ಎಂದು ಭಾರತದ ತನಿಖೆ ಹೇಳಿತು. ನಿಮ್ಮ ನಿಲ್ದಾಣದ ರೇಡಿಯೋ ಸಂಕೇತವೇ ಸುಳ್ಳಾಗಿತ್ತು ಎಂದು ಜಪಾನಿನವರು ವಾದಿಸಿದರು. ಈ ಜಗಳ ಬಗೆಹರಿಯುವ ಮೊದಲೇ ಜುಹೂ ನಡೆಯಿತು. ನವೆಂಬರ್ 28ರಂದು ಮಾಸ್ಕೋದಲ್ಲಿ ಮತ್ತೊಂದು ಡಿಸಿ-8 ಮೇಲೇರುತ್ತಲೇ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಹೋದರು. ಎರಡು ಸಾವಿನ ಮನೆಗಳ ನಡುವೆ ಜುಹೂ ಒಂದು ತಮಾಷೆಯಂತೆ ಕುಳಿತಿದೆ. ಆದರೆ ದಿಲ್ಲಿಗೂ ಜುಹೂವಿಗೂ ಇರುವ ಅಂತರ ಚಾಲಕರ ಜಾಣ್ಮೆಯದಲ್ಲ, ಅದೃಷ್ಟದ್ದು.

ಲಂಡನ್ನಿನಲ್ಲೂ ಇಂಥದೇ ಜೋಡಿ ಇದೆ. ಹೀಥ್ರೂ ಪಕ್ಕದಲ್ಲೇ ನಾರ್ತೋಲ್ಟ್ ಎಂಬ ವಾಯುಪಡೆಯ ನಿಲ್ದಾಣ. 1960ರ ಅಕ್ಟೋಬರಿನಲ್ಲಿ ಪ್ಯಾನ್ ಅಮೆರಿಕನ್ ಕಂಪೆನಿಯ ಬೋಯಿಂಗ್ 707 ಹೀಥ್ರೂ ಎಂದು ಅಲ್ಲಿ ಇಳಿದುಬಿಟ್ಟಿತು. ಅಲ್ಲಿನವರು ಕಂಡುಕೊಂಡ ಉಪಾಯ ನಮ್ಮ ಹಳ್ಳಿಯವರು ಮಾಡುವಂಥದ್ದೇ. ಎರಡೂ ದಾರಿಗಳಲ್ಲಿ ಎತ್ತರದ ಗ್ಯಾಸ್ ಟ್ಯಾಂಕಿಗಳು ಕಾಣುತ್ತಿದ್ದವು. ಒಂದರ ಮೇಲೆ ಹೀಥ್ರೂವಿಗೆ, ಇನ್ನೊಂದರ ಮೇಲೆ ನಾರ್ತೋಲ್ಟ್‌ಗೆ ದೊಡ್ಡ ಇಂಗ್ಲಿಷ್ ಅಕ್ಷರಗಳನ್ನು ಬಳಿದರು. ಕೋಟಿ ಕೋಟಿ ಬೆಲೆಯ ಯಂತ್ರ ದಾರಿ ತಪ್ಪದಿರಲು ಒಂದು ಡಬ್ಬ ಬಣ್ಣ!

ಈ ವಿಷಯ ಬಂದಾಗಲೆಲ್ಲ ಎಲ್ಲರೂ ನೆನೆಯುವುದು ಅಮೆರಿಕದ ಡಗ್ಲಸ್ ಕಾರಿಗನ್‌ನನ್ನು. 1938ರ ಜುಲೈ 17ರಂದು ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಗೆಂದು ಹೊರಟು, ಇಪ್ಪತ್ತೆಂಟು ಗಂಟೆ ಹಾರಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಇಳಿದ ಮಹಾಶಯ. ದಿಕ್ಸೂಚಿ ತಪ್ಪು ಓದಿದೆ ಎಂದ. ಅಟ್ಲಾಂಟಿಕ್ ದಾಟಲು ಅವನು ಕೇಳಿದ್ದ ಅನುಮತಿಯನ್ನು ಸರಕಾರ ನಿರಾಕರಿಸಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಊರಿಗೆ ಮರಳಿದಾಗ ನ್ಯೂಯಾರ್ಕ್ ಅವನನ್ನು ಮೆರವಣಿಗೆ ಮಾಡಿತು. ಅವನದು ತಪ್ಪಲ್ಲ, ಒಳ್ಳೆಯ ಸುಳ್ಳು. ನಮ್ಮ ವಿಷಯಕ್ಕೆ ಅವನಿಂದ ಉಪಯೋಗವಿಲ್ಲ. ಪ್ರಾಮಾಣಿಕವಾಗಿ ತಪ್ಪಿದವರಿಗೆ ಯಾರೂ ಮೆರವಣಿಗೆ ಮಾಡುವುದಿಲ್ಲ.

ಪ್ರಾಮಾಣಿಕವಾಗಿ ತಪ್ಪುವುದು ಹೇಗೆ ಎಂಬುದಕ್ಕೆ 2013ರ ನವೆಂಬರಿನ ಪ್ರಸಂಗ ನೋಡಿ. ಬೋಯಿಂಗ್ ಕಾರ್ಖಾನೆಗಳಿಗೆ ವಿಮಾನದ ಬಿಡಿಭಾಗ ಸಾಗಿಸಲೆಂದೇ ಹೊಟ್ಟೆ ಊದಿಸಿ ಮಾಡಿದ 747 ಒಂದು, ಅಮೆರಿಕದ ವಿಚಿಟಾ ನಗರದಲ್ಲಿ ಮೆಕಾನಲ್ ಎಂಬ ವಾಯುನೆಲೆಗೆ ರಾತ್ರಿ ಹೊತ್ತು ಇಳಿಯಬೇಕಿತ್ತು. ಆ ಊರಿನಲ್ಲಿ ಉತ್ತರ-ದಕ್ಷಿಣವಾಗಿ ಹಲವು ರನ್‌ವೇಗಳು ಹತ್ತಿರ ಹತ್ತಿರವೇ ಇವೆ. ಯಂತ್ರ ಸರಿಯಾದ ದಾರಿಯಲ್ಲೇ ಕರೆದೊಯ್ಯುತ್ತಿತ್ತು. ಆದರೆ ಚಾಲಕನಿಗೆ ಮುಂದೆ ಹೊಳೆಯುವ ದೀಪಗಳ ಸಾಲು ಕಂಡಿತು. ಅದೇ ತನ್ನ ರನ್‌ವೇ ಎಂದು ಮನಸ್ಸು ಒಪ್ಪಿಕೊಂಡ ಮೇಲೆ, ತಾನು ತೀರಾ ಎತ್ತರದಲ್ಲಿದ್ದೇನೆ ಎಂದೂ ಅನಿಸಿತು. ನಿಜ, ಆ ರನ್‌ವೇಗೆ ಹೋಲಿಸಿದರೆ ಎತ್ತರದಲ್ಲೇ ಇದ್ದ, ಏಕೆಂದರೆ ಅದು ಅವನದಾಗಿರಲಿಲ್ಲ! ಯಂತ್ರದ ಮೇಲಿನ ಭರವಸೆ ಬಿಟ್ಟು ಕೈಯಿಂದಲೇ ಇಳಿಸಿದ. ಜಬಾರಾ ಎಂಬ, 6,100 ಅಡಿ ರನ್‌ವೇಯ ಚಿಕ್ಕ ನಿಲ್ದಾಣವದು. ಇಳಿದ ಮೇಲೂ ಎಲ್ಲಿದ್ದೇವೆ ಎಂಬುದನ್ನು ಅವರು ಎರಡನೇ ಸಲ ತಪ್ಪಾಗಿ ಊಹಿಸಿ, ಮೂರನೆಯ ನಿಲ್ದಾಣದ ಹೆಸರು ಹೇಳಿದರು.

ಎರಡೇ ತಿಂಗಳಿಗೆ, 2014ರ ಜನವರಿ 12ರ ರಾತ್ರಿ, ಸೌತ್‌ವೆಸ್ಟ್ ಕಂಪೆನಿಯ ಬೋಯಿಂಗ್ 737 ಒಂದು 124 ಪ್ರಯಾಣಿಕರೊಂದಿಗೆ ಮಿಸ್ಸೌರಿಯ ಬ್ರಾನ್ಸನ್‌ಗೆ ಹೋಗಬೇಕಾದದ್ದು, ಪಕ್ಕದ ಪುಟ್ಟ ನಿಲ್ದಾಣದಲ್ಲಿ ಇಳಿಯಿತು. ರನ್‌ವೇ 3,738 ಅಡಿ, ಹೆಚ್ಚುಕಡಿಮೆ ಜುಹೂವಿನಷ್ಟೇ. ಚಾಲಕರು ಜೋರಾಗಿ ಬ್ರೇಕ್ ಹಾಕಿದರು. ರನ್‌ವೇ ಮುಗಿದ ಮೇಲೆ ಇಳಿಜಾರು, ಅದರ ಕೆಳಗೆ ಹೆದ್ದಾರಿ. ವಿಮಾನ ಅಂಚಿನ ಸ್ವಲ್ಪವೇ ಹಿಂದೆ ನಿಂತಿತು.

ಇಲ್ಲೆಲ್ಲ ಕುಡಿದವನೂ ಇಲ್ಲ, ನಿದ್ದೆಹೋದವನೂ ಇಲ್ಲ. ಕಣ್ಣು ಏನನ್ನು ಹುಡುಕುತ್ತಿರುತ್ತದೋ ಅದನ್ನೇ ಕಾಣುತ್ತದೆ. ಒಮ್ಮೆ ಕಂಡ ಮೇಲೆ, ಅಲ್ಲ ಎನ್ನುವ ಪ್ರತಿ ಸಾಕ್ಷಿಗೂ ಮನಸ್ಸು ಒಂದೊಂದು ಸಬೂಬು ಕೊಡುತ್ತಾ ಹೋಗುತ್ತದೆ. ರನ್‌ವೇ ಕಿರಿದಾಗಿ ಕಂಡರೆ ದೂರದಲ್ಲಿದೆ ಎಂದು, ಉಪಕರಣ ಬೇರೆ ಹೇಳಿದರೆ ಉಪಕರಣ ಕೆಟ್ಟಿದೆ ಎಂದು. ಪಕ್ಕದಲ್ಲಿದ್ದವನೂ 'ಹೌದು, ಕಾಣಿಸಿತು' ಎಂದರೆ ಮುಗಿಯಿತು, ಒಂದು ತಪ್ಪಿಗೆ ಇಬ್ಬರು ಸಾಕ್ಷಿ.

ಪ್ರಯಾಣದಲ್ಲಿ ಕಿಬ್ಲಾ ತಿಳಿಯದಿದ್ದಾಗ ಏನು ಮಾಡಬೇಕೆಂದು ನಮ್ಮ ಫಿಕ್‌ಹ್ ಕಿತಾಬುಗಳಲ್ಲಿ ಒಂದು ಮಸ್‌ಅಲಾ ಇದೆ. ಮದರಸಾದಲ್ಲಿ ಓದಿದವರಿಗೆ ನೆನಪಿರುತ್ತದೆ. ಸಾಧ್ಯವಾದಷ್ಟು ವಿಚಾರಿಸಿ, ಯೋಚಿಸಿ, ಮನಸ್ಸು ಒಪ್ಪಿದ ದಿಕ್ಕಿಗೆ ನಿಲ್ಲಬೇಕು. ಆಮೇಲೆ ಅದು ತಪ್ಪೆಂದು ತಿಳಿದರೂ ಹನಫೀ ಉಲಮಾಗಳ ಪ್ರಕಾರ ನಮಾಝ್ ಸಿಂಧು. ಆದರೆ ನಮಾಝಿನ ನಡುವೆಯೇ ತಿಳಿದರೆ? ಹಿಡಿದ ದಿಕ್ಕನ್ನೇ ಹಟದಿಂದ ಮುಗಿಸುವ ಹಾಗಿಲ್ಲ. ನಿಂತಲ್ಲೇ, ಆ ಕ್ಷಣವೇ ತಿರುಗಬೇಕು. ವಿಮಾನ ಚಾಲಕರಿಗೂ ಇಂಥದೇ ಒಂದು ರುಖ್ಸತ್ ಇದೆ. ಸಂಶಯ ಬಂದರೆ ಕೊನೆಯ ಕ್ಷಣದಲ್ಲೂ ಇಳಿಯುವುದನ್ನು ಕೈಬಿಟ್ಟು ಮೇಲೇರಿ, ಒಂದು ಸುತ್ತು ಹಾಕಿ ಬರಬಹುದು. ಕಷ್ಟವಿರುವುದು ಸಂಶಯ ಬರುವುದರಲ್ಲಿ.

ಹಾಗಾದರೆ ಗೋಪುರದಲ್ಲಿ ಕುಳಿತವರು ಏನು ಮಾಡುತ್ತಿದ್ದರು? ಬ್ರಾನ್ಸನ್ ಗೋಪುರ ಇಳಿಯಲು ಅನುಮತಿ ಕೊಟ್ಟಿತ್ತು. ರನ್‌ವೇ ಕಾಣಿಸುತ್ತಿದೆ ಎಂದು ಚಾಲಕ ಹೇಳಿದಾಗ ಅವನ ಕಣ್ಣಿಗೆ ಯಾವ ರನ್‌ವೇ ಬಿದ್ದಿದೆ ಎಂದು ಇವರಿಗೆ ಹೇಗೆ ಗೊತ್ತಾಗಬೇಕು? ಇಬ್ಬರೂ ಒಂದೇ ಪದ ಬಳಸುತ್ತಿದ್ದಾರೆ, ಇಬ್ಬರ ಮನಸ್ಸಿನಲ್ಲಿ ಎರಡು ಜಾಗ. ಈ ಎರಡು ಪ್ರಸಂಗಗಳ ನಂತರ, 2015ರಲ್ಲಿ, ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಒಂದು ಸರಳ ಸಲಹೆ ಕೊಟ್ಟಿತು: ಗೊಂದಲ ಹುಟ್ಟಿಸುವಂಥ ಇತರ ನಿಲ್ದಾಣಗಳನ್ನೆಲ್ಲ ವಿಮಾನ ದಾಟುವ ತನಕ ಇಳಿಯುವ ಅನುಮತಿಯನ್ನೇ ಕೊಡಬೇಡಿ. ಜುಹೂ ದಾಟುವ ತನಕ ಸಾಂತಾಕ್ರೂಜ್ ಸುಮ್ಮನಿರಬೇಕು ಎಂದ ಹಾಗೆ. ಇಷ್ಟು ಹೇಳಲು 1953ರಿಂದ ಅರವತ್ತೆರಡು ವರ್ಷ ಹಿಡಿಯಿತು.

ಏಕೆ ಹಿಡಿಯಿತು ಎಂದರೆ, ತಪ್ಪಿದವರು ಹೇಳಿಕೊಳ್ಳುವುದಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಇಲ್ಲವೇ ಜನ ನಗುತ್ತಾರೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ಟಿ.ಡಬ್ಲ್ಯು.ಎ. ಕಂಪೆನಿಯ ವಿಮಾನ, ಗೋಪುರದ ಅನುಮತಿಯ ಮಾತನ್ನು ಬೇರೆಯಾಗಿ ಅರ್ಥಮಾಡಿಕೊಂಡು ಬೇಗನೆ ಕೆಳಗಿಳಿದು ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 92 ಜನರೂ ಸತ್ತರು. ಆಮೇಲೆ ಗೊತ್ತಾಯಿತು, ಸುಮಾರು ಆರು ವಾರ ಮೊದಲು ಯುನೈಟೆಡ್ ಕಂಪೆನಿಯ ಚಾಲಕರೂ ಅದೇ ಗೊಂದಲಕ್ಕೆ ಬಿದ್ದು ಅದೇ ಬೆಟ್ಟದಿಂದ ಕೂದಲೆಳೆಯಲ್ಲಿ ಪಾರಾಗಿದ್ದರು. ಅವರು ತಮ್ಮ ಕಂಪೆನಿಗೆ ಹೇಳಿದ್ದರು. ಮಾತು ಆ ಮನೆಯ ಹೊಸಿಲು ದಾಟಲಿಲ್ಲ. ಆ 92 ಸಾವುಗಳ ನಂತರವೇ, 1976ರಲ್ಲಿ, ಚಾಲಕರು ತಮ್ಮ ತಪ್ಪುಗಳನ್ನು ಗುಟ್ಟಾಗಿ ಬರೆದು ತಿಳಿಸುವ ವ್ಯವಸ್ಥೆ ಅಮೆರಿಕದಲ್ಲಿ ಬಂತು. ಅದನ್ನು ನಡೆಸಲು ಕೊಟ್ಟದ್ದು ಶಿಕ್ಷಿಸುವ ಇಲಾಖೆಗಲ್ಲ, ಬಾಹ್ಯಾಕಾಶ ಸಂಸ್ಥೆ ನಾಸಾಕ್ಕೆ. ಬರೆದವರ ಹೆಸರು ಅಳಿಸಿ, ಬರೆದದ್ದನ್ನು ಎಲ್ಲರಿಗೂ ತೆರೆದಿಡುತ್ತಾರೆ. ನಗುವಿನ ಬಗ್ಗೆ ನನಗಿರುವ ತಕರಾರು ಇದೇ. ನಕ್ಕಾಗಲೆಲ್ಲ ಒಬ್ಬನ ಬಾಯಿ ಮುಚ್ಚಿಸುತ್ತೇವೆ.

ಉಪಗ್ರಹ ದಾರಿ ತೋರಿಸುವ ಈ ಕಾಲದಲ್ಲೂ ಇದು ನಿಂತಿಲ್ಲ. 2018ರ ಸೆಪ್ಟೆಂಬರ್ 7ರಂದು ತಿರುವನಂತಪುರದಿಂದ ಮಾಲೆಗೆ ಹೋದ ಏರ್ ಇಂಡಿಯಾ ವಿಮಾನ, ಬಳಕೆಯ ರನ್‌ವೇ ಬಿಟ್ಟು ಪಕ್ಕದಲ್ಲಿ ಇನ್ನೂ ಕಟ್ಟುತ್ತಿದ್ದ ಹೊಸ ರನ್‌ವೇಯಲ್ಲಿ ಇಳಿಯಿತು. 2021ರ ಏಪ್ರಿಲ್ 4ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನ ಸರಕು ವಿಮಾನ ಜಾಂಬಿಯಾದ ಎನ್‌ಡೋಲಾದಲ್ಲಿ ಹಳೆಯ ನಿಲ್ದಾಣದ ಬದಲು, ಅದಕ್ಕೆ ಹದಿನೈದು ಕಿಲೋಮೀಟರ್ ದೂರದಲ್ಲಿ ಏಳುತ್ತಿದ್ದ ಹೊಸ ನಿಲ್ದಾಣದಲ್ಲಿ ಇಳಿಯಿತು. ಅಲ್ಲಿ ಆಗಿನ್ನೂ ಕಾಮಗಾರಿಯೇ ಮುಗಿದಿರಲಿಲ್ಲ. ಅದೇ ದಿನ ಅದೇ ಕಂಪೆನಿಯ ಪ್ರಯಾಣಿಕ ವಿಮಾನವೂ ಆ ಹೊಸ ರನ್‌ವೇಯತ್ತಲೇ ಇಳಿಯುತ್ತಾ ಬಂತು. ನೆಲ ತೀರಾ ಹತ್ತಿರವಾದಾಗ ಅದರ ಚಾಲಕರು ಮತ್ತೆ ಮೇಲೇರಿಸಿದರು. ಸುತ್ತಿ ಬಂದು ಹಳೆಯ ನಿಲ್ದಾಣದಲ್ಲಿ ಇಳಿಸಿದರು.