ಲೋವರಿಂಗ್ ಸ್ಪ್ರಿಂಗೋ, ಕಾಯ್ಲೋವರೋ? ಕಾರು ತಗ್ಗಿಸುವ ಮೊದಲು ಅಳೆಯಬೇಕಾದ ಲೆಕ್ಕ

ಜಯನಗರ 4ನೇ ಬ್ಲಾಕ್‌ನ ಸಂಜೆ ಟ್ರಾಫಿಕ್‌ನಲ್ಲಿ ನೆಲಕ್ಕೆ ಅಂಟಿದಂತೆ ಸಾಗುವ ಪೋಲೋ ಅಥವಾ ಸ್ವಿಫ್ಟ್ ಕಂಡರೆ ಕೆಲವರಿಗೆ ‘ಎಷ್ಟು ಚೆನ್ನಾಗಿದೆ’ ಅನ್ನಿಸುತ್ತದೆ. ಇನ್ನು ಕೆಲವರಿಗೆ ‘ಇದು ಮುಂದಿನ ಹಂಪ್ ಹೇಗೆ ದಾಟುತ್ತೆ’ ಎಂಬ ಚಿಂತೆ. ಕಾರನ್ನು ತಗ್ಗಿಸಿದರೆ ರಸ್ತೆಯ ಹಿಡಿತ ಹೆಚ್ಚುತ್ತದೆ ಎಂಬ ಮಾತಂತೂ ಎಲ್ಲೆಡೆ ಇದೆ. ಅದರಲ್ಲಿ ನಿಜ ಎಷ್ಟು? ತಗ್ಗಿಸಲೇಬೇಕೆಂದರೆ ಲೋವರಿಂಗ್ ಸ್ಪ್ರಿಂಗ್ ಹಾಕಿಸಬೇಕೋ, ಕಾಯ್ಲೋವರ್ ಹಾಕಿಸಬೇಕೋ? ಒಂದೊಂದಾಗಿ ನೋಡೋಣ.

ಎರಡಕ್ಕೂ ಏನು ವ್ಯತ್ಯಾಸ?

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್.

ಲೋವರಿಂಗ್ ಸ್ಪ್ರಿಂಗ್ ಎಂದರೆ ಮೂಲ ಸ್ಪ್ರಿಂಗ್‌ಗಿಂತ ಗಿಡ್ಡವಾದ, ಸಾಮಾನ್ಯವಾಗಿ ಸ್ವಲ್ಪ ಗಟ್ಟಿಯಾದ ಸ್ಪ್ರಿಂಗ್. ಕಂಪನಿಯ ಶಾಕ್ ಅಬ್ಸಾರ್ಬರ್ ಹಾಗೇ ಇರುತ್ತದೆ. ಕಾರು ಎಷ್ಟು ತಗ್ಗಬೇಕು ಎಂಬುದು ಸ್ಪ್ರಿಂಗ್ ತಯಾರಾಗುವಾಗಲೇ ನಿರ್ಧಾರವಾಗಿರುತ್ತದೆ, ಆಮೇಲೆ ಬದಲಿಸಲಾಗದು.

ಕಾಯ್ಲೋವರ್ ಎಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಸೆಟ್. ಹೊರಮೈಯಲ್ಲಿ ಮರೆಯಿರುತ್ತದೆ, ಅಂದರೆ ಬೋಲ್ಟ್‌ಗೆ ಇರುವಂಥ ತಿರುಪು. ಅದರ ಮೇಲಿನ ರಿಂಗ್ ತಿರುಗಿಸಿ ಎತ್ತರ ಹೊಂದಿಸಬಹುದು. ದುಬಾರಿ ಸೆಟ್‌ಗಳಲ್ಲಿ ಶಾಕ್ ಅಬ್ಸಾರ್ಬರ್‌ನ ಬಿಗಿಯನ್ನೂ ಬದಲಿಸಬಹುದು. ಬೆಲೆ ಬರೀ ಸ್ಪ್ರಿಂಗ್‌ಗಿಂತ ಹಲವು ಪಟ್ಟು.

ನಂಬಿಕೆ 1: ತಗ್ಗಿಸಿದಷ್ಟೂ ಹಿಡಿತ ಹೆಚ್ಚು

ಅರ್ಧ ನಿಜ. ತಿರುವಿನಲ್ಲಿ ಒಳಗಿನ ಚಕ್ರಗಳ ಮೇಲಿನ ಭಾರ ಹೊರಗಿನ ಚಕ್ರಗಳ ಕಡೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಕಾರಿನ ಗುರುತ್ವ ಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಆ ಎತ್ತರ 550 ಮಿಲಿಮೀಟರ್ ಎಂದುಕೊಳ್ಳಿ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಸರಿಯುವ ಭಾರ ಸುಮಾರು 5.5% ಕಡಿಮೆಯಾಗುತ್ತದೆ. ಲಾಭ ಇದೆ, ಆದರೆ ಸಣ್ಣದು.

ಇದಕ್ಕೆ ತೆರುವ ಬೆಲೆಯೂ ಇದೆ. ಗುಂಡಿಗೆ ಬಿದ್ದಾಗ ಚಕ್ರ ಮೇಲಕ್ಕೆ ಸರಿಯಲು ಒಂದಿಷ್ಟು ಜಾಗ ಬೇಕು. ಆ ಜಾಗ ಮುಗಿದರೆ ಸಸ್ಪೆನ್ಷನ್ ರಬ್ಬರಿನ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಮೂಲದಲ್ಲಿ 80 ಮಿ.ಮೀ. ಜಾಗವಿತ್ತು ಎಂದುಕೊಳ್ಳಿ, 30 ಮಿ.ಮೀ. ತಗ್ಗಿಸಿದರೆ ಉಳಿಯುವುದು 50. ಸ್ಪ್ರಿಂಗ್ ನುಂಗುವ ಶಕ್ತಿ ಅದು ಕುಗ್ಗುವ ದೂರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅದೇ ಗುಂಡಿಯ ಹೊಡೆತವನ್ನು 50 ಮಿ.ಮೀ.ನಲ್ಲೇ ತಡೆಯಬೇಕಾದರೆ ಸ್ಪ್ರಿಂಗ್ ಸುಮಾರು 2.5 ಪಟ್ಟು ಗಟ್ಟಿ ಇರಬೇಕು. ರಸ್ತೆಗೆಂದು ಮಾರುವ ಲೋವರಿಂಗ್ ಸ್ಪ್ರಿಂಗ್‌ಗಳು ಅಷ್ಟು ಗಟ್ಟಿ ಇರುವುದಿಲ್ಲ. ಇದ್ದರೆ ಕಾರಿನಲ್ಲಿ ಕೂರಲಾಗದು. ಹಾಗಾಗಿ ಉಳಿದ ಹೊಡೆತ ಬಂಪ್ ಸ್ಟಾಪ್‌ಗೆ, ಅಲ್ಲಿಂದ ಬಾಡಿಗೆ, ಕೊನೆಗೆ ಹಿಂದಿನ ಸೀಟಿನಲ್ಲಿ ಕುಳಿತ ಅಮ್ಮನ ಬೆನ್ನಿಗೆ.

ಇದು ಬರೀ ಆರಾಮದ ಪ್ರಶ್ನೆಯೂ ಅಲ್ಲ. ಮಳೆಯಲ್ಲಿ ಬನ್ನೇರುಘಟ್ಟ ರಸ್ತೆಯ ತಿರುವೊಂದರಲ್ಲಿ ಬಂಪ್ ಸ್ಟಾಪ್‌ಗೆ ಬಡಿದರೆ ಆ ಚಕ್ರದ ಸಸ್ಪೆನ್ಷನ್ ಒಮ್ಮೆಲೇ ಬಿಗಿಯಾಗುತ್ತದೆ. ಟೈರ್ ರಸ್ತೆಯನ್ನು ಬಿಟ್ಟು ಪುಟಿಯಬಹುದು. ಹಿಡಿತ ಹೆಚ್ಚಲಿ ಎಂದು ಮಾಡಿದ ಬದಲಾವಣೆಯೇ ಹಿಡಿತ ತಪ್ಪಿಸುವುದು ಹೀಗೆ.

ಹಂಪ್‌ನ ಲೆಕ್ಕ

ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿಯ ಪ್ರಕಾರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಸ್ವಿಫ್ಟ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2.45 ಮೀಟರ್. ಅಂದರೆ ಇಂಥ ಹಂಪ್‌ನ ನಡುವೆ ನಾಲ್ಕೂ ಚಕ್ರಗಳು ಹಂಪ್‌ನ ಮೇಲೆಯೇ ಇರುತ್ತವೆ. ಆಗ ಕಾರಿನ ಹೊಟ್ಟೆಯ ಕೆಳಗೆ ಕಡಿಮೆಯಾಗುವ ಜಾಗ ಬರೀ 44 ಮಿ.ಮೀ. ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಹಾಗಾಗಿ 30 ಮಿ.ಮೀ. ತಗ್ಗಿಸಿದ ಕಾರೂ ನಿಧಾನವಾಗಿ ದಾಟಿಬಿಡುತ್ತದೆ.

ನಮ್ಮ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಗಿಡ್ಡ ಅಗಲದ, ಕಡಿದಾದ ಹಂಪ್‌ಗಳೂ ಸಿಗುತ್ತವೆ. ಅಗಲ ಕಡಿಮೆ ಇದ್ದಾಗ ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ ಇರುತ್ತದೆ. ಆಗ ಹಂಪ್‌ನ ಪೂರ್ತಿ ಎತ್ತರ ಲೆಕ್ಕಕ್ಕೆ ಬರುತ್ತದೆ. 15 ಸೆಂ.ಮೀ. ಎತ್ತರದ ಹಂಪ್ ಆದರೆ ಮೂಲ ಸ್ವಿಫ್ಟ್‌ಗೇ ಉಳಿಯುವುದು 13 ಮಿ.ಮೀ. ಅದನ್ನು 30 ಮಿ.ಮೀ. ತಗ್ಗಿಸಿ, ನಾಲ್ಕು ಜನರನ್ನು ಕೂರಿಸಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ರ‍್ಯಾಂಪ್ ಮುಗಿಯುವ ಅಂಚಿನಲ್ಲೂ ಇದೇ ಕಥೆ.

ನಂಬಿಕೆ 2: ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿದರೆ ಸಾಕು

ಖಂಡಿತ ಬೇಡ. ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗೆ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಬೆಂಕಿಯಲ್ಲಿ ಕಾಯಿಸಿ ತಗ್ಗಿಸುವುದು ಇನ್ನೂ ಅಪಾಯಕಾರಿ; ಉಕ್ಕಿಗೆ ಹದಗೊಳಿಸುವಾಗ ಕೊಟ್ಟ ಗುಣವೇ ಹೋಗಿಬಿಡುತ್ತದೆ.

ನಂಬಿಕೆ 3: ಕಾಯ್ಲೋವರ್ ಹಾಕಿದರೆ ಎಲ್ಲ ಸಮಸ್ಯೆಯೂ ಮುಗಿಯಿತು

ಕಾಯ್ಲೋವರ್‌ನ ದೊಡ್ಡ ಲಾಭ ಎತ್ತರ ಬದಲಿಸುವುದಕ್ಕಿಂತ ಹೆಚ್ಚಾಗಿ ಹೊಂದಾಣಿಕೆಯಲ್ಲಿದೆ. ಸ್ಪ್ರಿಂಗ್ ಎಷ್ಟು ಗಟ್ಟಿಯೋ ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್ ಜೊತೆಗೇ ಬರುತ್ತದೆ. ಗಟ್ಟಿ ಸ್ಪ್ರಿಂಗ್‌ಗೆ ಹಳೆಯ ಶಾಕ್ ಅಬ್ಸಾರ್ಬರ್ ಜೊತೆಯಾದರೆ ಕಾರು ಕುಣಿಯುತ್ತಲೇ ಇರುತ್ತದೆ. ಶಾಕ್ ಅಬ್ಸಾರ್ಬರ್ ಬೇಗ ಸವೆಯುತ್ತದೆ.

ಆದರೆ ಎಲ್ಲ ಕಾಯ್ಲೋವರ್‌ಗಳೂ ಒಂದೇ ಅಲ್ಲ. ಸ್ಪ್ರಿಂಗ್‌ನ ಕೆಳಗಿನ ರಿಂಗನ್ನಷ್ಟೇ ಇಳಿಸುವ ಬಗೆಯಲ್ಲಿ, ಇಳಿಸಿದಷ್ಟೂ ಚಕ್ರ ಚಲಿಸುವ ಜಾಗ ಕಡಿಮೆಯಾಗುತ್ತದೆ. ಕೆಳಗಿನ ಭಾಗವನ್ನೇ ಬೇರೆಯಾಗಿ ತಿರುಗಿಸುವ ಬಗೆಯಲ್ಲಿ ಶಾಕ್ ಅಬ್ಸಾರ್ಬರ್‌ನೊಳಗಿನ ಜಾಗ ಉಳಿಯುತ್ತದೆ. ಟೈರ್ ಮತ್ತು ಮಡ್‌ಗಾರ್ಡ್ ನಡುವಿನ ಜಾಗ ಮಾತ್ರ ಕಡಿಮೆಯಾಗಿಯೇ ಆಗುತ್ತದೆ. ಇನ್ನು ಧೂಳು, ಕೆಸರು, ಮಳೆನೀರು ಮರೆಯಲ್ಲಿ ಕೂತು ರಿಂಗ್ ಹಿಡಿದುಕೊಳ್ಳಬಹುದು. ಆಗಾಗ ತೊಳೆದು ನೋಡದಿದ್ದರೆ ‘ಹೊಂದಿಸಬಹುದಾದ’ ಸಸ್ಪೆನ್ಷನ್ ಹೊಂದಿಸಲಾಗದ್ದಾಗುತ್ತದೆ.

ಯಾವುದನ್ನೇ ಹಾಕಿಸಿದರೂ ಚಕ್ರಗಳ ಓರೆ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರ್‌ನ ಒಳ ಅಂಚು ಸದ್ದಿಲ್ಲದೆ ಸವೆಯುತ್ತದೆ. ಹೆಡ್‌ಲೈಟ್ ಬೀಳುವ ಕೋನವನ್ನೂ ಪರೀಕ್ಷಿಸಬೇಕು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೂಲತಃ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ‘ಆರ್‌ಸಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ ಬರೆದಿಲ್ಲವಲ್ಲ’ ಎಂಬ ವಾದವನ್ನು ನಂಬಿ ಹಣ ಹಾಕಬೇಡಿ. ಜಯನಗರದಲ್ಲಿರುವ ಕೆಎ-05ರ ಆರ್‌ಟಿಒ ಇರಲಿ, ಬೇರೆ ಕಚೇರಿಯಿರಲಿ, ನಿಮ್ಮ ಕಾರು ನೋಂದಣಿಯಾದಲ್ಲಿ ಮೊದಲೇ ವಿಚಾರಿಸಿ. ವಿಮಾ ಕಂಪನಿಗೂ ತಿಳಿಸಿ; ಮುಚ್ಚಿಟ್ಟ ಬದಲಾವಣೆ ಕ್ಲೇಮ್ ಸಮಯದಲ್ಲಿ ತಕರಾರಾಗಬಹುದು.

ಹಾಗಾದರೆ ಯಾವುದು?

* ಕಾರು ತೇಲಾಡುತ್ತದೆ, ತಿರುವಿನಲ್ಲಿ ವಾಲುತ್ತದೆ ಎಂಬುದು ದೂರಾದರೆ: ಮೊದಲು ಟೈರ್, ಗಾಳಿಯ ಒತ್ತಡ, ಬುಷ್, ಶಾಕ್ ಅಬ್ಸಾರ್ಬರ್ ನೋಡಿಸಿ. ಸವೆದ ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎಷ್ಟೋ ಸಲ ತಗ್ಗಿಸುವ ಆಸೆಯೇ ಹೋಗುತ್ತದೆ.
* ದಿನವೂ ಮನೆಮಂದಿ ಓಡಾಡುವ ಕಾರಾದರೆ: ಮೂಲ ಎತ್ತರವೇ ಒಳ್ಳೆಯದು.
* ಅನುಮತಿ ಸಿಕ್ಕು, ಸ್ವಲ್ಪವೇ ತಗ್ಗಿಸಬೇಕೆಂದರೆ: ನಿಮ್ಮ ಮಾಡೆಲ್‌ಗೆಂದೇ ತಯಾರಾದ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಜೊತೆಗೆ.
* ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಅಥವಾ ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಓಡಿಸುವುದಕ್ಕೆಂದೇ ಇಟ್ಟ ಕಾರಾದರೆ: ಕಾಯ್ಲೋವರ್‌ಗೆ ಅರ್ಥವಿದೆ. ಎತ್ತರ, ಬಿಗಿ ಬದಲಿಸಿ ನೋಡುವ ಅವಕಾಶ ಅಲ್ಲಿ ನಿಜಕ್ಕೂ ಬಳಕೆಗೆ ಬರುತ್ತದೆ.

ಜೆ.ಸಿ. ರಸ್ತೆಗೆ ಹೊರಡುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಮನೆಯವರನ್ನೆಲ್ಲ ಕಾರಿನಲ್ಲಿ ಕೂರಿಸಿ, ಕಾರಿನ ಅತಿ ಕೆಳಗಿನ ಭಾಗದಿಂದ ನೆಲಕ್ಕೆ ಇರುವ ಅಂತರ ಅಳೆಯಿರಿ. ನಿಮ್ಮ ಬೀದಿಯ ಅತಿ ಕಡಿದಾದ ಹಂಪ್‌ನ ಎತ್ತರವನ್ನೂ ಅಳೆಯಿರಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿದ ಸಂಖ್ಯೆ ಬೆರಳಗಲವೂ ಇಲ್ಲದಿದ್ದರೆ, ಸ್ಪ್ರಿಂಗೋ ಕಾಯ್ಲೋವರೋ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು: ಎರಡೂ ಬೇಡ.