ಕೂರಿಗೆ ಮೊದಲು ಯಾರ ಹೊಲಕ್ಕೆ?

ನಮ್ಮ ನಾಡಿನ ಚರಿತ್ರೆಯನ್ನು ತಿಳಿಯಲು ಶಾಸನಗಳೇ ಮುಖ್ಯ ಆಧಾರವೆಂದು ನೀವು ಪಠ್ಯಪುಸ್ತಕಗಳಲ್ಲಿ ಓದಿರುತ್ತೀರಿ. ಬಿ.ಎಲ್. ರೈಸ್ ಅವರೂ ಅವರ ನಂತರದ ವಿದ್ವಾಂಸರೂ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ತಿರುವಿಹಾಕಿದರೆ ಎಲ್ಲೆಲ್ಲೂ ದಾನದ ಮಾತು ಕಾಣುತ್ತದೆ. ಭೂಮಿ, ಗದ್ದೆ, ತೋಟ, ದೇವರ ದೀಪಕ್ಕೆ ಎಣ್ಣೆ ಹೀಗೆ ಒಮ್ಮೆ ಕೊಟ್ಟು ಮರಳಿ ಪಡೆಯದ ವಸ್ತುಗಳನ್ನೆಲ್ಲ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಆದರೆ ಬೆಳಿಗ್ಗೆ ಕೊಟ್ಟು ಸಂಜೆಗೆ ಮರಳಿ ಪಡೆದ ಹಾರೆ, ಗುದ್ದಲಿ, ಏಣಿಗಳ ವಿಷಯವನ್ನು ಯಾರು ಕಲ್ಲಿನಲ್ಲಿ ಬರೆಸುತ್ತಾರೆ? ಊರಿನ ನಿತ್ಯಜೀವನ ನಡೆದದ್ದು ಬಹುಪಾಲು ಈ ಎರಡನೆಯ ಬಗೆಯ ಕೊಡುಕೊಳ್ಳುವಿಕೆಯಿಂದಲೇ. ಇದಕ್ಕೂ ಒಂದು ಚರಿತ್ರೆ ಇದೆ. ಅದನ್ನು ಹುಡುಕಲು ಶಾಸನಗಳಿಗಿಂತ ಭಾಷೆ, ಕಾನೂನು ಮತ್ತು ಹೊಲಗಳು ಹೆಚ್ಚು ನೆರವಾಗುತ್ತವೆ.

ಮೊದಲು ಭಾಷೆಯನ್ನೇ ನೋಡೋಣ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅದನ್ನು ‘ಕಡ’ ತಂದೆವು ಎನ್ನುತ್ತೇವೆ. ಹಾರೆಯನ್ನು ತಂದರೆ ‘ಎರವಲು’ ತಂದೆವು ಎನ್ನುತ್ತೇವೆ. ಕಡ ತಂದ ಸಕ್ಕರೆ ಕಾಫಿಯಲ್ಲಿ ಕರಗಿಹೋಗುತ್ತದೆ. ನಾವು ಹಿಂತಿರುಗಿಸುವುದು ಬೇರೆ ಸಕ್ಕರೆಯನ್ನು. ಎರವಲು ತಂದ ಹಾರೆಯಾದರೋ ಅದೇ ಹಾರೆಯಾಗಿ ಮನೆಗೆ ಹೋಗಬೇಕು. ರೋಮನ್ನರ ನ್ಯಾಯಶಾಸ್ತ್ರವೂ ಈ ಎರಡನ್ನು ಎರಡು ಬೇರೆ ಹೆಸರುಗಳಿಂದ ಕರೆದು, ಎರಡಕ್ಕೂ ಬೇರೆ ಬೇರೆ ನಿಯಮಗಳನ್ನು ಮಾಡಿತ್ತು. ನಮ್ಮ ಅಜ್ಜಿಯರು ನ್ಯಾಯಶಾಸ್ತ್ರ ಓದದೆಯೇ ಈ ಭೇದವನ್ನು ಬಲ್ಲವರಾಗಿದ್ದರು.

ಎಲ್ಲ ಮನೆಯಲ್ಲೂ ಎಲ್ಲ ಉಪಕರಣ ಇರುತ್ತಿರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಪಾತಾಳಗರಡಿಯನ್ನು ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರೋ ತಿಳಿಯದು. ಬಾವಿಯೊಳಗೆ ಬಿದ್ದ ಕೊಡವನ್ನು ಮೇಲೆತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದ, ಹಲವು ಕೊಕ್ಕೆಗಳುಳ್ಳ ಕಬ್ಬಿಣದ ಗೊಂಚಲು ಅದು. ಒಂದು ಮನೆಯ ಕೊಡ ಬಾವಿಗೆ ಬೀಳುವುದು ವರ್ಷಕ್ಕೆ ಒಂದೆರಡು ಸಲ. ಅದಕ್ಕಾಗಿ ಪ್ರತಿ ಮನೆಯವರೂ ಒಂದೊಂದು ಪಾತಾಳಗರಡಿ ಮಾಡಿಸುವುದು ದುಂದು. ಬೀದಿಗೆ ಒಂದಿದ್ದರೆ ಸಾಕು. ಕೆಲವು ಮನೆಗಳಲ್ಲಿ ಅದನ್ನು ಕೊಡುವಾಗ ಒಂದು ಚೊಂಬನ್ನೋ ತಂಬಿಗೆಯನ್ನೋ ಅಡ ಇಡಿಸಿಕೊಳ್ಳುವ ರೂಢಿಯಿತ್ತು. ಇದರಲ್ಲಿ ಅವಮಾನದ ಪ್ರಶ್ನೆ ಇರಲಿಲ್ಲ. ಅಡ ಇಟ್ಟ ಚೊಂಬು ಕಣ್ಣೆದುರಿಗಿದ್ದರೆ ಪಾತಾಳಗರಡಿ ಈಗ ಯಾರ ಮನೆಯಲ್ಲಿದೆ ಎಂಬುದು ಮರೆಯುವಂತಿಲ್ಲ, ಅಷ್ಟೆ.

ಹಾಗೆಯೇ ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಹಿತ್ತಾಳೆ ಪಾತ್ರೆಗಳಿದ್ದರೆ ಇಳಿಸಿ ನೋಡಿ. ಕಂಠದ ಬಳಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿರುತ್ತಾರೆ. ತಮ್ಮ ಮನೆಯೊಳಗೇ ಇರುವ ಪಾತ್ರೆಗೆ ಹೆಸರೇಕೆ? ಅದು ಮದುವೆ, ಮುಂಜಿ, ತಿಥಿಗಳಿಗೆಂದು ನೆಂಟರಿಷ್ಟರ ಮನೆಗಳನ್ನು ಸುತ್ತಿ ಬರುವ ಪಾತ್ರೆ. ಹತ್ತು ಮನೆಯ ಕೊಳಗಗಳು ಒಂದೇ ಒಲೆಯ ಸುತ್ತ ಕೂಡಿದಾಗ ಗುರುತು ಬೇಕಲ್ಲವೆ?

ಎರವಲು ತಂದದ್ದನ್ನು ಹೇಗೆ ಹಿಂತಿರುಗಿಸಬೇಕು ಎಂಬ ಪ್ರಶ್ನೆ ಹಳೆಯದು. ಕೌಟಿಲ್ಯನ ‘ಅರ್ಥಶಾಸ್ತ್ರ’ ಇದಕ್ಕೆ ಉತ್ತರ ಹೇಳುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಈ ಗ್ರಂಥವನ್ನು ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ‘ಯಾಚಿತಕ’ ಎಂದರೆ ಕೇಳಿ ತಂದ ವಸ್ತು, ‘ಅವಕ್ರೀತಕ’ ಎಂದರೆ ಬಾಡಿಗೆಗೆ ತಂದ ವಸ್ತು ಎಂದು ಬೇರ್ಪಡಿಸಿದೆ. ಎರಡನ್ನೂ ತಂದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಆಕಸ್ಮಿಕವಾದ ಅನಾಹುತದಿಂದ ವಸ್ತು ಹಾಳಾದರೆ ತಂದವನು ಹೊಣೆಯಲ್ಲ. ಬೆಂಕಿಗೋ ಪ್ರವಾಹಕ್ಕೋ ಸಿಕ್ಕಿಹೋದ ವಸ್ತುವಿಗಾಗಿ ಬಡವನನ್ನು ಹಿಂಡಬಾರದು ಎಂಬ ವಿವೇಕ ಇಲ್ಲಿ ಕಾಣುತ್ತದೆ.

ಇಂದಿಗೂ ಜಾರಿಯಲ್ಲಿರುವ 1872ರ ಭಾರತೀಯ ಕರಾರು ಅಧಿನಿಯಮವೂ ಈ ವಿಷಯವನ್ನು ಬಿಟ್ಟಿಲ್ಲ. ಬಾಡಿಗೆಯಿಲ್ಲದೆ ಕೊಟ್ಟ ವಸ್ತುವಿಗೂ ಅದರಲ್ಲಿ ನಿಯಮಗಳಿವೆ. 150ನೆಯ ಪ್ರಕರಣದ ಪ್ರಕಾರ, ಕೊಡುವವನಿಗೆ ತನ್ನ ವಸ್ತುವಿನ ದೋಷ ಗೊತ್ತಿದ್ದರೆ ಅದನ್ನು ಮೊದಲೇ ಹೇಳಬೇಕು. ತುಂಟ ಕುದುರೆಯೆಂದು ತಿಳಿದೂ ಹೇಳದೆ ಸ್ನೇಹಿತನಿಗೆ ಕೊಟ್ಟು, ಅವನು ಬಿದ್ದು ಪೆಟ್ಟು ಮಾಡಿಕೊಂಡರೆ ಕೊಟ್ಟವನೇ ಹೊಣೆ ಎಂಬ ಉದಾಹರಣೆಯನ್ನು ಅಧಿನಿಯಮವೇ ಕೊಡುತ್ತದೆ. 159ನೆಯ ಪ್ರಕರಣ ಇನ್ನೂ ಸ್ವಾರಸ್ಯವಾಗಿದೆ. ಪುಕ್ಕಟೆಯಾಗಿ ಕೊಟ್ಟ ವಸ್ತುವನ್ನು, ಇಂತಿಷ್ಟು ದಿನಕ್ಕೆ ಎಂದು ಹೇಳಿ ಕೊಟ್ಟಿದ್ದರೂ, ಕೊಟ್ಟವನು ಯಾವಾಗ ಬೇಕಾದರೂ ಹಿಂದಕ್ಕೆ ಕೇಳಬಹುದು. ಆದರೆ ಅದನ್ನು ನಂಬಿ ಕೆಲಸ ಹಿಡಿದವನಿಗೆ ನಡುವೆ ಕಿತ್ತುಕೊಂಡದ್ದರಿಂದ, ಪಡೆದ ಲಾಭಕ್ಕಿಂತ ಹೆಚ್ಚಿನ ನಷ್ಟವಾದರೆ ಅದನ್ನು ತುಂಬಿಕೊಡಬೇಕು.

ಅಂದರೆ ಶಾಸ್ತ್ರವೂ ಕಾನೂನೂ ಮುಖ್ಯವಾಗಿ ಯೋಚಿಸಿರುವುದು ವಸ್ತು ಕೈಗೆ ಬಂದ ಮೇಲಿನ ಕಥೆಯನ್ನು. ಕೈಗೆ ಬರುವುದಕ್ಕೆ ಮುಂಚಿನ ಕಥೆ ಬೇರೆಯೇ ಇದೆ. ಒಂದೇ ಉಪಕರಣ ಹತ್ತು ಮಂದಿಗೆ ಒಂದೇ ದಿನ ಬೇಕಾದರೆ ಯಾರಿಗೆ ಮೊದಲು? ಪಾತಾಳಗರಡಿಯಲ್ಲಿ ಈ ತೊಡಕಿಲ್ಲ, ಹತ್ತು ಮನೆಯ ಕೊಡಗಳು ಒಂದೇ ದಿನ ಬಾವಿಗೆ ಬೀಳುವುದಿಲ್ಲ. ಈ ತೊಡಕು ಪೂರ್ಣವಾಗಿ ಕಾಣುವುದು ಬಿತ್ತನೆಯ ಕೂರಿಗೆಯಲ್ಲಿ.

ನಗರದ ವಿದ್ಯಾರ್ಥಿಗಳಿಗಾಗಿ ಕೂರಿಗೆಯ ರಚನೆಯನ್ನು ಸ್ವಲ್ಪ ವಿವರಿಸುತ್ತೇನೆ. ಗಟ್ಟಿ ಮರದ ಅಡ್ಡ ದಿಂಡಿಗೆ ಸಮಾನ ಅಂತರದಲ್ಲಿ ತೂತು ಕೊರೆದು ತಾಳುಗಳನ್ನು ಕೂರಿಸಿರುತ್ತಾರೆ. ಎತ್ತುಗಳು ಎಳೆದಂತೆ ತಾಳುಗಳು ನೆಲವನ್ನು ಗೀರುತ್ತವೆ. ಮೇಲೆ ಒಂದು ಮರದ ಬಟ್ಟಲು. ಅದರ ತಳದಲ್ಲಿ ತಾಳಿಗೊಂದರಂತೆ ತೂತು, ಪ್ರತಿ ತೂತಿನಿಂದ ತಾಳಿನವರೆಗೆ ಒಂದು ಬಿದಿರಿನ ಕೊಳವೆ. ಬಟ್ಟಲಿಗೆ ಒಂದೇ ಸಮನೆ ಬೀಜ ಬಿಡುತ್ತ ನಡೆದರೆ ಎಲ್ಲ ಸಾಲುಗಳಲ್ಲೂ ಒಂದೇ ಆಳದಲ್ಲಿ, ಒಂದೇ ಅಂತರದಲ್ಲಿ ಬೀಜ ಬೀಳುತ್ತದೆ. ಉತ್ತರದ ಎರೆಭೂಮಿಯಲ್ಲಿ ತಾಳುಗಳು ಕಡಿಮೆ. ದಕ್ಷಿಣದ ರಾಗಿ ಸೀಮೆಯಲ್ಲಿ ಹನ್ನೆರಡು ತಾಳಿನ ಕೂರಿಗೆಯೂ ಉಂಟು. ಇದರ ಹಿಂದೆಯೇ ಒಂಟಿ ಕೊಳವೆ ಕಟ್ಟಿ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಿನಲ್ಲಿ ಬಿತ್ತುತ್ತಿದ್ದರು.

ಸಾಲುಬಿತ್ತನೆಯ ಯಂತ್ರವೆಂದರೆ ಇಂಗ್ಲೆಂಡಿನ ಜೆತ್ರೋ ಟಲ್ ಎಂದು ನಾವು ಓದುತ್ತೇವೆ. ಅವನದು 18ನೆಯ ಶತಮಾನದ ಆರಂಭದ ಸಾಧನೆ. ಆದರೆ ದಕ್ಷಿಣ ಭಾರತದ ರೈತರು ಕೂರಿಗೆಯಿಂದ ಬಿತ್ತುವುದನ್ನು ಕಂಡು ಬೆರಗಾದ ಕ್ಯಾಪ್ಟನ್ ಹಾಲ್‌ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದ ಪತ್ರಗಳು 1797ರಲ್ಲಿ ಬ್ರಿಟನ್ನಿನಲ್ಲೇ ಪ್ರಕಟವಾದವು. ಧರ್ಮಪಾಲರು 1971ರ ತಮ್ಮ ಗ್ರಂಥದಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದರು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ನಮ್ಮ ಬೇಸಾಯದ ಉಪಕರಣಗಳನ್ನು ವಿವರವಾಗಿ ದಾಖಲಿಸಿದ. ಒಬ್ಬ ರೈತನ ಸ್ಥಿತಿಗತಿಯನ್ನು ಅವನ ನೇಗಿಲುಗಳ ಎಣಿಕೆಯಿಂದಲೇ ಅಳೆಯುತ್ತಿದ್ದರೆಂಬುದು ಅವನ ಬರಹದಿಂದ ತಿಳಿಯುತ್ತದೆ. ಒಂದೇ ನೇಗಿಲಿನ ರೈತ ಬಡವ. ನೇಗಿಲಿಗೂ ಎತ್ತಿಗೂ ಗತಿಯಿಲ್ಲದವನು ಏನು ಮಾಡಬೇಕು? ಇನ್ನೊಬ್ಬರ ಬಾಗಿಲಿಗೆ ಹೋಗಿ ಕೇಳಬೇಕು.

ಕೇಳಲು ಸಮಯವೂ ಹೆಚ್ಚು ಇರುವುದಿಲ್ಲ. ನಾನು ಮೂಲತಃ ವಿಜ್ಞಾನದ ವಿದ್ಯಾರ್ಥಿ. ಆದ್ದರಿಂದ ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಲು ಅನುಮತಿ ಬೇಡುತ್ತೇನೆ. ಮಳೆ ನಿಂತ ಮೇಲೆ ಮಣ್ಣು ತೀರ ಕೆಸರೂ ಅಲ್ಲದೆ ತೀರ ಒಣಗಿಯೂ ಹೋಗದೆ ಇರುವ ಸ್ಥಿತಿಗೆ ರೈತರು ‘ಹದ’ ಎನ್ನುತ್ತಾರೆ. ರಾಗಿಯಂತಹ ಸಣ್ಣ ಬೀಜವನ್ನು ಮೇಲ್ಪದರದಲ್ಲೇ ಬಿತ್ತಬೇಕು. ಬಿಸಿಲಿಗೆ ಮೊದಲು ಒಣಗುವುದೂ ಆ ಮೇಲ್ಪದರವೇ. ಕೆಮ್ಮಣ್ಣಿನಲ್ಲಿ ಈ ಹದ ಕೆಲವೇ ದಿನ ನಿಲ್ಲುತ್ತದೆ. ಮೂರು ದಿನವೆಂದೇ ಇಟ್ಟುಕೊಳ್ಳಿ. ಒಂದು ಕೂರಿಗೆ ದಿನಕ್ಕೆ 4 ಎಕರೆ ಬಿತ್ತುತ್ತದೆ ಎನ್ನಿ. ಕೇರಿಯಲ್ಲಿ ಹತ್ತು ಮನೆ, ಮನೆಗೆ 3 ಎಕರೆ, ಒಟ್ಟು 30 ಎಕರೆ. ಮೂರು ದಿನಕ್ಕೆ ಬಿತ್ತಲಾಗುವುದು 12 ಎಕರೆ, ಎಂದರೆ ನಾಲ್ಕು ಮನೆಯ ಹೊಲ. ಉಳಿದ ಆರು ಮನೆಯವರು ಒಣಮಣ್ಣಿಗೆ ಬೀಜ ಹಾಕಬೇಕು, ಇಲ್ಲವೆ ಮುಂದಿನ ಮಳೆಗೆ ಕಾಯಬೇಕು. ಈ ಅಂಕಿಗಳು ಕೇವಲ ಉದಾಹರಣೆ. ಅವು ಊರಿಂದ ಊರಿಗೆ ಬದಲಾಗುತ್ತವೆ, ಆದರೆ ಸರದಿಯ ಇಕ್ಕಟ್ಟು ಬದಲಾಗುವುದಿಲ್ಲ. ಮೂರನೆಯವನಾಗಿ ಕೂರಿಗೆ ಪಡೆದವನಿಗೂ ಎಂಟನೆಯವನಾಗಿ ಪಡೆದವನಿಗೂ ನಡುವಿನ ಅಂತರ ಆ ವರ್ಷದ ಅನ್ನದ್ದು.

ಈ ಇಕ್ಕಟ್ಟಿಗೆ ಹಳ್ಳಿಗಳು ಕಂಡುಕೊಂಡ ದಾರಿಗಳಲ್ಲಿ ಮುಖ್ಯವಾದುದು ‘ಮುಯ್ಯಿ’. ಇಂದು ನಿನ್ನ ಹೊಲಕ್ಕೆ ನಾವು ನಾಲ್ವರು, ನಾಳೆ ನನ್ನ ಹೊಲಕ್ಕೆ ನೀವು ನಾಲ್ವರು ಎಂಬುದು ಮುಯ್ಯಾಳಿನ ಪದ್ಧತಿ. ಒಬ್ಬನ ಕೂರಿಗೆ, ಇನ್ನೊಬ್ಬನ ಎತ್ತು, ಮೂರನೆಯ ಮನೆಯ ಹೆಂಗಸಿನ ಬೀಜ ಬಿಡುವ ಪಳಗಿದ ಕೈ, ಎಲ್ಲವೂ ಒಟ್ಟಾಗಿ ಹೊಲದಿಂದ ಹೊಲಕ್ಕೆ ಸಾಗುತ್ತಿದ್ದವು. ಆ ಕೈಯೂ ಒಂದು ಎರವಲೇ. ಬಟ್ಟಲಿಗೆ ಬೀಜ ಬಿಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ, ಸ್ವಲ್ಪ ತಪ್ಪಿದರೆ ಒಂದು ಸಾಲು ಒತ್ತಾಗಿ ಇನ್ನೊಂದು ಸಾಲು ಬೋಳಾಗುತ್ತದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದರು. ‘ರಾಂಪುರ’ ಎಂಬ ಬದಲಿ ಹೆಸರಿನಲ್ಲಿ ಆ ಊರನ್ನು ಚಿತ್ರಿಸಿ 1976ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಕೊಡುಕೊಳ್ಳುವ ನಂಟುಗಳ ವಿವರ ಸಿಗುತ್ತದೆ. ಮುಯ್ಯಿ ಎಂಬ ಪದಕ್ಕೆ ಮದುವೆಮನೆಯ ಉಡುಗೊರೆ ಎಂಬ ಅರ್ಥವಿದೆ, ಸೇಡು ಎಂಬ ಅರ್ಥವೂ ಇದೆ. ಮುಯ್ಯಿ ತೀರಿಸಿಕೊಂಡ ಎಂದರೆ ಏನೆಂದು ನಿಮಗೆ ಗೊತ್ತು. ಕೂರಿಗೆ ಕೊಡದವನನ್ನೂ ಊರು ನೆನಪಿನಲ್ಲಿ ಇಟ್ಟುಕೊಳ್ಳುತ್ತಿತ್ತು.

ಆದರೆ ಮುಯ್ಯಿ ಸಮಬಲರ ನಡುವೆ ಮಾತ್ರ ಸರಿಯಾಗಿ ನಡೆಯುವ ವ್ಯವಹಾರ. ಎತ್ತಿಲ್ಲದವನ ಬಳಿ ಬದಲಿಗೆ ಕೊಡಲು ಇದ್ದದ್ದು ತನ್ನ ರಟ್ಟೆಯೊಂದೇ. ಅವನು ಮೊದಲು ಎತ್ತಿನ ಒಡೆಯನ ಹೊಲದಲ್ಲಿ ದುಡಿಯಬೇಕು, ಒಡೆಯನ ಬಿತ್ತನೆ ಮುಗಿಯಬೇಕು, ಒಡೆಯನ ಅಣ್ಣತಮ್ಮಂದಿರ, ನೆಂಟರ ಸರದಿ ತೀರಬೇಕು. ಆಮೇಲೆ ಎತ್ತು, ಕೂರಿಗೆ ಅವನ ತುಂಡು ಹೊಲಕ್ಕೆ. ಅಷ್ಟರಲ್ಲಿ ಹದ ಹಾರಿಹೋಗಿರುತ್ತಿತ್ತು. ಆ ಕೊನೆಯ ಸರದಿಯಲ್ಲಿ ನಿಂತವರು ಹೆಚ್ಚಾಗಿ ಯಾವ ಕೇರಿಯವರೆಂದು ಬಿಡಿಸಿ ಹೇಳಬೇಕಾಗಿಲ್ಲ. ಮರದ, ಕಬ್ಬಿಣದ ಉಪಕರಣಗಳು ದುಡಿಮೆಗೆ ಬೇಕಾದ್ದರಿಂದ ಕೇರಿಯ ಗಡಿ ದಾಟುತ್ತಿದ್ದವು. ನೀರಿನ ಕೊಡ, ಅಡುಗೆಯ ಪಾತ್ರೆ ದಾಟುತ್ತಿರಲಿಲ್ಲ. ಮೇಲೆ ಹೇಳಿದ ಹೆಸರು ಕೆತ್ತಿದ ಹಿತ್ತಾಳೆ ಕೊಳಗಗಳು ಎಷ್ಟು ಮನೆ ಸುತ್ತಿದರೂ ಜಾತಿಯ ಬೇಲಿಯೊಳಗೇ ಸುತ್ತಿದವು. ಹಳ್ಳಿಯ ಸಹಕಾರವನ್ನು ಹೊಗಳುವ ನಮ್ಮ ಕಾರ್ಯಕ್ರಮಗಳು ಈ ಅರ್ಧವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಉಪಕರಣ ಸವೆದರೆ ಯಾರು ಸರಿಪಡಿಸಬೇಕು ಎಂಬ ಜಗಳ ಮಾತ್ರ ಹಿಂದೆ ಅಷ್ಟಾಗಿ ಇದ್ದಿರಲಾರದು ಎಂದು ನನಗನ್ನಿಸುತ್ತದೆ. ಊರಿನ ಕಮ್ಮಾರ, ಬಡಗಿಗಳು ಆಯಗಾರರು. ಸುಗ್ಗಿಯಲ್ಲಿ ಕಣದಿಂದಲೇ ಅವರಿಗೆ ಧಾನ್ಯ ಸಲ್ಲುತ್ತಿತ್ತು. ವರ್ಷವಿಡೀ ನೇಗಿಲ ಕುಳ ತಟ್ಟಿಕೊಡುವುದು, ಮುರಿದ ತಾಳು ಬದಲಿಸುವುದು ಅದರಲ್ಲೇ ಸೇರಿತ್ತು. ರಿಪೇರಿಯ ಖರ್ಚು ಮೊದಲೇ ಸಂದಿದ್ದರಿಂದ ಕೂರಿಗೆ ಕೊಡುವವನಿಗೆ ಕೈ ಬಿಗಿಹಿಡಿಯುವ ಒಂದು ಕಾರಣ ಕಡಿಮೆಯಾಗುತ್ತಿತ್ತು. ನಮ್ಮ ವೃತ್ತಿಯಲ್ಲೇ ನೋಡಿ, ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿಯನ್ನು ಒಂದು ತಂಡ ಇನ್ನೊಂದು ತಂಡಕ್ಕೆ ಕೊಡಲು ಹಿಂಜರಿಯುವುದು ಅದು ಸವೆಯುತ್ತದೆಂದಲ್ಲ, ಒಂದು ತಿರುಪು ಕಳೆದರೂ ಅದಕ್ಕಾಗಿ ಹತ್ತು ಕಾಗದ ಬರೆಯಬೇಕೆಂದು!

ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಜೋಡಿಗಳು ಕಡಿಮೆಯಾದವು, ಮುಯ್ಯಿಯ ಲೆಕ್ಕ ಗಂಟೆಯ ಲೆಕ್ಕವಾಯಿತು, ಎರವಲಿನ ಜಾಗಕ್ಕೆ ಬಾಡಿಗೆ ಬಂತು. ಇದನ್ನು ಕೇವಲ ನಷ್ಟವೆಂದು ಹಲುಬುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಣ ಕೊಟ್ಟು ಬಾಡಿಗೆಗೆ ತರುವವನು ಒಡೆಯನ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಕರ್ನಾಟಕ ಸರ್ಕಾರ 2014-15ರಲ್ಲಿ ಆರಂಭಿಸಿದ ‘ಕೃಷಿ ಯಂತ್ರಧಾರೆ’ ಯೋಜನೆಯ ಉದ್ದೇಶ ಹೋಬಳಿ ಮಟ್ಟದ ಕೇಂದ್ರಗಳಿಂದ ಸಣ್ಣ ರೈತರಿಗೂ ಯಂತ್ರಗಳನ್ನು ಬಾಡಿಗೆಗೆ ಒದಗಿಸುವುದು. ಇಲ್ಲಿ ದರಪಟ್ಟಿ ಗೋಡೆಯ ಮೇಲಿರಬಹುದು. ಆದರೆ ಒಳ್ಳೆಯ ಮಳೆ ಬಿದ್ದು ಹೋಬಳಿಯ ಹೊಲಗಳೆಲ್ಲ ಒಂದೇ ವಾರದಲ್ಲಿ ಹದಕ್ಕೆ ಬಂದರೆ, ಹತ್ತು ಮನೆಗೆ ಒಂದು ಕೂರಿಗೆಯ ಲೆಕ್ಕವೇ ಇನ್ನೂ ದೊಡ್ಡದಾಗಿ ಎದುರು ನಿಲ್ಲುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನಲ್ಲಿ, ಇಲ್ಲವೆ ನಿಮ್ಮ ಅಜ್ಜನ ಊರಿನಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಹೋಗಿ ಕುಳಿತು ಮಾತನಾಡಿಸಿ. ಕೂರಿಗೆ ಯಾರ ಮನೆಯಲ್ಲಿತ್ತು, ಬೀಜ ಬಿಡಲು ಯಾರನ್ನು ಕರೆಯುತ್ತಿದ್ದರು, ಮಳೆ ಬಂದ ಮೊದಲ ದಿನ ಅದು ಯಾರ ಹೊಲಕ್ಕೆ ಹೋಗುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ. ಕೊನೆಯ ದಿನ ಯಾರ ಹೊಲಕ್ಕೆ ಹೋಗುತ್ತಿತ್ತು ಎಂಬುದನ್ನು ಮಾತ್ರ ಕೂರಿಗೆ ಇದ್ದ ಮನೆಯವರನ್ನು ಕೇಳಬೇಡಿ, ಆ ಹೊಲದವರನ್ನೇ ಕೇಳಿ.